ಬೆನ್ನ ಹಿಂದೆ ಪ್ರೊಪೆಲ್ಲರ್ ಹೊತ್ತ ಸಾರಸ್

ಅರೇಹಳ್ಳಿ ಕಡೆಯವರಿಗೆ ಬೆಂಗಳೂರಿನಲ್ಲಿ ಒಂದು ಗಂಟೆಯ ಕೆಲಸವಿದ್ದರೂ ಇಡೀ ದಿನ ಹೋಗುತ್ತದೆ. ಬೇಲೂರು, ಹಾಸನ ದಾಟಿ ರಾಜಧಾನಿ ಮುಟ್ಟುವಷ್ಟರಲ್ಲಿ ಅರ್ಧ ಹಗಲು ಕಳೆದಿರುತ್ತದೆ. ದೇಶದ ತುಂಬ ಇಂಥ ಊರುಗಳೇ. ಸಣ್ಣ ರನ್‌ವೇಯಲ್ಲೂ ಇಳಿಯಬಲ್ಲ, ಹದಿನಾಲ್ಕು ಮಂದಿಯ ವಿಮಾನವೊಂದನ್ನು ನಾವೇ ಮಾಡಬೇಕೆಂದು ಬೆಂಗಳೂರಿನ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, 1990ರ ದಶಕದ ಆರಂಭದಲ್ಲಿ ಹೊರಟಿತು. ಆ ವಿಮಾನವೇ ಸಾರಸ್.

ಸಾರಸ್ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ವಿಮಾನ. ಕಂಪನಿಗಳ ಓಡಾಟಕ್ಕೆಂದೇ ರೂಪಿಸಿದ ಇಂಥ ವಿಮಾನಗಳಲ್ಲಿ ಮೊದಲಿನದು ಅಮೆರಿಕದ ಗ್ರುಮ್ಮನ್ ಗಲ್ಫ್‌ಸ್ಟ್ರೀಮ್. 1958ರ ಆಗಸ್ಟ್‌ನಲ್ಲಿ ಹಾರಿತು. ಅದರ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್ ನಮಗೂ ಪರಿಚಿತ. ಕಾನ್ಪುರದಲ್ಲಿ ಜೋಡಿಸಿ 1961ರಲ್ಲಿ ಹಾರಿಸಿದ ಆವ್ರೊ ವಿಮಾನದಲ್ಲೂ ಅದೇ ಇತ್ತು. ಆದರೆ ಆವ್ರೊ ಬ್ರಿಟಿಷರ ವಿನ್ಯಾಸ, ಸಾರಸ್ ನಮ್ಮದೇ. ಸಾರಸ್‌ಗೆ ಮೊದಲು ಜೊತೆಯಾಗಿದ್ದ ರಷ್ಯಾದ ಮ್ಯಾಸಿಶ್ಚೆವ್ ಸಂಸ್ಥೆ ಹಿಂದೆ ಸರಿದ ಮೇಲೆ ಎನ್‌ಎಎಲ್ ಒಂಟಿಯಾಗಿಯೇ ಮುಂದುವರಿಯಿತು. 1999ರಲ್ಲಿ ಸರ್ಕಾರದ ಮಂಜೂರಾತಿ ಸಿಕ್ಕಿತು.

ಈ ವಿಮಾನವನ್ನು ದೂರದಿಂದಲೇ ಗುರುತಿಸಬಹುದು. ಎಂಜಿನ್‌ಗಳು ರೆಕ್ಕೆಯ ಮೇಲಿಲ್ಲ, ಬಾಲದ ಸಮೀಪ ಒಡಲಿನ ಎರಡು ಬದಿಗಿವೆ. ಐದೈದು ಅಲಗಿನ ಪ್ರೊಪೆಲ್ಲರ್‌ಗಳು ಹಿಮ್ಮುಖವಾಗಿವೆ. ವಿಮಾನವನ್ನು ಎಳೆಯುವುದಿಲ್ಲ, ನೂಕುತ್ತವೆ. ಇದರಲ್ಲಿರುವ ಕೆನಡಾದ ಪಿಟಿ6 ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಭಾಗ ನಿಮಿಷಕ್ಕೆ 37,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ಒತ್ತಿದ ಗಾಳಿಯಲ್ಲಿ ಇಂಧನ ಉರಿದು ಹೊಮ್ಮುವ ಬಿಸಿ ಅನಿಲ ಆ ಭಾಗದ ಟರ್ಬೈನಿನ ಜೊತೆಗೆ ಇನ್ನೊಂದು ಟರ್ಬೈನನ್ನೂ ತಿರುಗಿಸುತ್ತದೆ. ಎರಡಕ್ಕೂ ನಡುವೆ ಅನಿಲವೊಂದೇ ಸಂಬಂಧ. ಆ ಎರಡನೆಯ ಟರ್ಬೈನಿನ ವೇಗವನ್ನು ಗೇರುಗಳು ಇಳಿಸಿ ಪ್ರೊಪೆಲ್ಲರಿಗೆ ಕೊಡುತ್ತವೆ. ಪ್ರೊಪೆಲ್ಲರ್ ಹಿಂದಿದ್ದರೆ ಒಳಗೆ ಕೂತವರಿಗೆ ಸದ್ದು ಕಡಿಮೆ, ರೆಕ್ಕೆಯ ಮೇಲೆ ಗಾಳಿ ಕದಡದೆ ಹರಿಯುತ್ತದೆ. ಆದರೆ ರೆಕ್ಕೆ ದಾಟಿ ಬಂದ ಕದಡಿದ ಗಾಳಿಯಲ್ಲೇ ಪ್ರೊಪೆಲ್ಲರ್ ತಿರುಗಬೇಕು. ಚಕ್ರ ಸಿಡಿಸಿದ ಕಲ್ಲು ಅಲಗಿಗೆ ಬಡಿಯದಂತೆ ನೋಡಿಕೊಳ್ಳಬೇಕು. ಮೊದಲ ಪ್ರಯತ್ನಕ್ಕೇ ಇಷ್ಟು ಕಷ್ಟದ ರೂಪ ಆರಿಸಿದ್ದು ದೊಡ್ಡ ಧೈರ್ಯ ಎಂದೇ ನನ್ನ ಭಾವನೆ.

ಸಾರಸ್ ಇನ್ನೂ ತಯಾರಾಗುತ್ತಿದ್ದಾಗಲೇ, 2003ರ ಆಗಸ್ಟ್‌ನಲ್ಲಿ, ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ಬೇಸಾಯ ಮಾಡಿದ್ದ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ವಿಮಾನ ಸೇವೆ ಆರಂಭಿಸಿದರು. ಹಾರಿದ್ದು ಎಟಿಆರ್ ವಿಮಾನ. ಅದೂ ಟರ್ಬೊಪ್ರಾಪೇ, ಆದರೆ ಫ್ರಾನ್ಸ್–ಇಟಲಿಯದು. ಸಣ್ಣ ಊರುಗಳಲ್ಲಿ ಟಿಕೆಟ್ ಕೊಳ್ಳುವವರಿದ್ದರು, ನಮ್ಮದೆನ್ನುವ ವಿಮಾನವಿರಲಿಲ್ಲ. ಒಂಬತ್ತು ತಿಂಗಳ ನಂತರ, 2004ರ ಮೇ 29ರಂದು ಸಾರಸ್‌ನ ಮೊದಲ ಮಾದರಿ ಬೆಂಗಳೂರಿನ ಆಕಾಶಕ್ಕೇರಿತು.

ಆ ಮೊದಲ ಮಾದರಿಯ ತೊಡಕು ತೂಕ. ಅಂದುಕೊಂಡದ್ದಕ್ಕಿಂತ ನೂರಾರು ಕಿಲೋ ಹೆಚ್ಚು ಭಾರವಾಗಿತ್ತು. ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸಿದ ಎರಡನೆಯ ಮಾದರಿ 2007ರ ಏಪ್ರಿಲ್‌ನಲ್ಲಿ ಹಾರಿತು.

2009ರ ಮಾರ್ಚ್ 6ರಂದು ಆ ಎರಡನೆಯ ಮಾದರಿ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ನೆಲಕ್ಕಪ್ಪಳಿಸಿತು. ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಷಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೃತಪಟ್ಟರು. ಹಾರಾಟದ ನಡುವೆ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ನಿಂತ ಎಂಜಿನ್ನಿನ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಂತಿರಬೇಕು. ಮೈಯೊಡ್ಡಿದರೆ ಒಂದು ಬದಿಯನ್ನು ಹಿಂದಕ್ಕೆ ಹಿಡಿದು ಜಗ್ಗುತ್ತವೆ. ಮರುಹೊತ್ತಿಸುವಿಕೆಗೆ ವಿನ್ಯಾಸಕಾರರು ರೂಪಿಸಿದ್ದ ಕ್ರಮವೇ ತಪ್ಪಾಗಿತ್ತು, ಪರೀಕ್ಷೆಗೆ ಎತ್ತರವೂ ಸಾಲಲಿಲ್ಲ ಎಂದು ತನಿಖಾ ವರದಿ ಹೇಳಿತು. ಮೂರು ಜೀವ ತೆತ್ತು ಬಂದ ಪಾಠ ಅದು. ಆ ಪಾಠ ಕೈಯಲ್ಲಿರುವಾಗಲೇ ಕೆಲಸ ಚುರುಕಾಗಬೇಕಿತ್ತು. ಬದಲಿಗೆ ವರ್ಷಗಳೇ ಉರುಳಿದವು. ನನಗೆ ಅಪಘಾತದಷ್ಟೇ ನೋವು ಕೊಡುವುದು ಈ ನಿಲುಗಡೆ.

ಕೊನೆಗೆ ಮೊದಲ ಮಾದರಿಯನ್ನೇ ತಿದ್ದಿ, ನಿಯಂತ್ರಣ ವ್ಯವಸ್ಥೆ ಸುಧಾರಿಸಿ, 2018ರ ಜನವರಿ 24ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿಸಿದರು. ಸುಮಾರು 40 ನಿಮಿಷ ಆಕಾಶದಲ್ಲಿತ್ತು. ಆಮೇಲೆ 19 ಆಸನಗಳ ಮಾರ್ಕ್–2 ಕೈಗೆತ್ತಿಕೊಂಡರು. ಎಂಜಿನ್ ಇಂದಿಗೂ ಹೊರದೇಶದ್ದೇ, ನಿಜ. ಆದರೆ ಸಣ್ಣ ವಿಮಾನ ಬೇಕಾದ ಊರುಗಳು ಇಲ್ಲೇ ಇವೆ, ಹಾರಿಸಿ ನೋಡಿದ ಅನುಭವವೂ ಇಲ್ಲೇ ಇದೆ. ಈ ಸಲ ಹಣವನ್ನೂ ತಂಡವನ್ನೂ ನಡುವೆ ಕಡಿಯದೆ ಉಳಿಸಿಕೊಳ್ಳಬೇಕಿದೆ.