ಅಪ್ಪ ಎಳೆದ ವೈರು, ನನ್ನ ಇಂಟರ್‌ನೆಟ್ಟು

‘ನಿಮ್ಮ ಧ್ವನಿ ತುಂಡು ತುಂಡಾಗಿ ಕೇಳಿಸ್ತಿದೆ, ಇನ್ನೊಮ್ಮೆ ಹೇಳ್ತೀರಾ?’

ಆನ್‌ಲೈನ್ ಸಂದರ್ಶನದಲ್ಲಿ ಮೂರನೇ ಸಲ ಈ ಮಾತು ಕೇಳಿದಾಗ ಅಂಗೈ ಬೆವರಿತ್ತು. ನಾಲ್ಕನೇ ಸಲ ಅವರು ಕೇಳಲೇ ಇಲ್ಲ. ಪರದೆಯ ಮೇಲೆ ನನ್ನ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತ್ತು. ಸಂಜೆ ಇಮೇಲ್ ಬಂತು. ಅದರಲ್ಲಿ ಏನಿದೆ ಎಂದು ತೆರೆಯುವ ಮೊದಲೇ ಗೊತ್ತಿತ್ತು.

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಒಂದೂವರೆ ವರ್ಷದಿಂದ ಅರಸೀಕೆರೆಯ ಮನೆಯಲ್ಲೇ ಇದ್ದೇನೆ. ಅಪ್ಪ ವೈರಿಂಗ್ ಕೆಲಸದವರು. ಈ ಮನೆಯ ಒಂದೊಂದು ವೈರನ್ನೂ ಅವರೇ ಎಳೆದದ್ದು. ಕೆಲಸವಿಲ್ಲದ ಮಗ, ಕೆಲಸದಿಂದ ದಣಿದು ಬರುವ ಅಪ್ಪ. ನಮ್ಮಿಬ್ಬರ ಮಾತು ‘ಊಟ ಆಯ್ತಾ?’, ‘ಹೂಂ’ ಎನ್ನುವಲ್ಲಿಗೆ ಬಂದು ನಿಂತಿತ್ತು.

ರೂಟರ್ ಇರುವುದು ಕೆಳಗಿನ ಹಾಲ್‌ನಲ್ಲಿ, ನನ್ನ ಕೋಣೆ ಮಹಡಿಯಲ್ಲಿ. ನಡುವಿನ ಗೋಡೆ, ತಾರಸಿ ದಾಟುವಷ್ಟರಲ್ಲಿ ವೈಫೈ ಸೊರಗುತ್ತಿತ್ತು. ಅದಕ್ಕೇ ಪವರ್‌ಲೈನ್ ಅಡಾಪ್ಟರ್ ಜೋಡಿ ತರಿಸಿದ್ದೆ. ಒಂದನ್ನು ರೂಟರ್ ಪಕ್ಕದ ಪ್ಲಗ್‌ಗೆ, ಇನ್ನೊಂದನ್ನು ನಮ್ಮ ಕೋಣೆಯ ಪ್ಲಗ್‌ಗೆ ಹಾಕಿದರೆ ಸಾಕು. ಮನೆಯ ಕರೆಂಟ್ ವೈರೇ ನೆಟ್‌ವರ್ಕ್ ಕೇಬಲ್‌ನ ಕೆಲಸ ಮಾಡುತ್ತದೆ. ಕರೆಂಟ್ ಹರಿಯುವುದು 50 ಹರ್ಟ್ಸ್‌ನಲ್ಲಿ, ಅಡಾಪ್ಟರ್ ಮಾತಾಡುವುದು ಮೆಗಾಹರ್ಟ್ಸ್‌ಗಳಲ್ಲಿ. ಒಂದೇ ವೈರಿನಲ್ಲಿ ಎರಡೂ ಓಡಾಡಬಲ್ಲವು.

ಡಬ್ಬದ ಮೇಲೆ 600 ಎಂಬಿಪಿಎಸ್ ಎಂದಿತ್ತು. ನನಗೆ ಸಿಕ್ಕಿದ್ದು ಆರು!

ಮುಂದಿನ ಸಂದರ್ಶನಕ್ಕೆ ಹತ್ತು ದಿನವಿತ್ತು. ಮೊದಲು ಲ್ಯಾಪ್‌ಟಾಪನ್ನು ಕೆಳಗೆ ಒಯ್ದು ನೇರ ರೂಟರ್‌ಗೇ ಕೇಬಲ್ ಹಾಕಿ ನೋಡಿದೆ. 94 ಬಂತು. ನಮ್ಮದು 100ರ ಪ್ಲಾನ್. ಅಂದರೆ ಇಂಟರ್‌ನೆಟ್ ಕೊಡುವವರನ್ನು ಬೈದು ಫಲವಿರಲಿಲ್ಲ, ಹೆಚ್ಚಿನ ಪ್ಲಾನ್‌ಗೆ ದುಡ್ಡು ಸುರಿಯುವುದೂ ದಂಡ. ಆ 600 ಎನ್ನುವುದು ಕಾಗದದ ಲೆಕ್ಕ. ನನ್ನ ಅಡಾಪ್ಟರ್‌ನ ಕೇಬಲ್ ಕಿಂಡಿಯೇ 100ರದ್ದು, ಅದರಿಂದಾಚೆಗೆ ಎಂದೂ ಹೋಗದು. ಆದರೂ ಆರು ಎಂದರೆ ತೀರಾ ಅನ್ಯಾಯ.

ಕೋಣೆಯ ಅಡಾಪ್ಟರನ್ನು ಸ್ಪೈಕ್ ಗಾರ್ಡ್‌ಗೆ ಸಿಕ್ಕಿಸಿದ್ದೆ. ಅದರೊಳಗಿನ ಫಿಲ್ಟರ್ ನನ್ನ ಸಿಗ್ನಲನ್ನೇ ಕಸವೆಂದು ತಿಳಿದು ನುಂಗುತ್ತಿತ್ತು. ಗೋಡೆಯ ಪ್ಲಗ್‌ಗೆ ನೇರ ಹಾಕಿದೆ. 17ಕ್ಕೆ ಏರಿತು. ಪಕ್ಕದಲ್ಲಿದ್ದ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತೆ. 24. ಇಂಥ ಚಾರ್ಜರ್, ಕೆಲವು ಎಲ್‌ಇಡಿ ಬಲ್ಬ್, ಮಿಕ್ಸಿಯ ಮೋಟಾರು ಎಲ್ಲವೂ ವೈರಿಗೆ ಗದ್ದಲ ಬೆರೆಸುತ್ತವೆ. ಚಾರ್ಜರನ್ನು ಸ್ಪೈಕ್ ಗಾರ್ಡ್‌ಗೆ ಹಾಕಿದೆ. ಈಗ ಅದೇ ಫಿಲ್ಟರ್ ಅದರ ಗದ್ದಲವನ್ನು ತಡೆಯುವ ಕಾವಲುಗಾರ.

ಆದರೂ ಪಿಂಗ್ ಮಾಡಿ ನೋಡಿದರೆ ರೂಟರ್‌ನಿಂದ ಉತ್ತರ ಒಮ್ಮೆ 4 ಮಿಲಿಸೆಕೆಂಡಿಗೆ, ಒಮ್ಮೆ 300ಕ್ಕೆ. ವಿಡಿಯೊ ಕಾಲ್‌ಗೆ ನಾಲ್ಕೈದು ಎಂಬಿಪಿಎಸ್ ಸಾಕು, ಆದರೆ ಅದು ಸ್ಥಿರವಾಗಿರಬೇಕು. ನನ್ನ ಮಾತು ತುಂಡಾಗುತ್ತಿದ್ದುದು ಈ ಏರಿಳಿತದಿಂದಲೇ.

ಆ ರಾತ್ರಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವನನ್ನು ಕಂಡು ಅಪ್ಪ ಕೇಳಿದರು, ‘ಏನೋ ಅದು?’

ಒಲ್ಲದ ಮನಸ್ಸಿನಿಂದಲೇ ಹೇಳಿದೆ. ಅಡಾಪ್ಟರ್ ತಿರುಗಿಸಿ ನೋಡಿದರು.

‘ಇದು ವೈರಲ್ಲೇ ಹೋಗೋದಾ?’

‘ಹೂಂ ಅಪ್ಪ.’

‘ಹಾಲ್ ಇರೋದು ಕೆಂಪು ಫೇಸಲ್ಲಿ, ನಿನ್ನ ರೂಮು ನೀಲಿ ಫೇಸಲ್ಲಿ. ಹೆಂಗೋ ಹೋಗುತ್ತೆ?’

ನಾನು ಸುಮ್ಮನಾದೆ. ಹಿಂದೆ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ಇದ್ದುದರಿಂದ ನಮ್ಮದು ತ್ರೀ ಫೇಸ್ ಸಂಪರ್ಕ. ಒಂದು ಫೇಸಿನಿಂದ ಇನ್ನೊಂದಕ್ಕೆ ಸಿಗ್ನಲ್ ದಾಟುವುದು ವೈರುಗಳು ಅಕ್ಕಪಕ್ಕ ಸಾಗುವಲ್ಲಿ ಸೋರಿದಷ್ಟು ಮಾತ್ರ. ಎಂಟು ಸೆಮಿಸ್ಟರ್ ಓದಿದವನಿಗೆ ತನ್ನ ಮನೆಯ ಬೋರ್ಡಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

‘ಊಟದ ಮನೆ ಪ್ಲಗ್ ನೀಲಿ ಫೇಸು. ಅಲ್ಲಿಗೆ ಹಾಕು,’ ಎಂದರು ಅಪ್ಪ. ಬೋರ್ಡ್ ಬಿಚ್ಚುವ ಗೋಜೇ ಬೇಡವಾಯಿತು. ಹಾಲ್‌ನ ರೂಟರ್‌ನಿಂದ ಊಟದ ಮನೆಗೆ ಒಂದು ಉದ್ದನೆಯ ಲ್ಯಾನ್ ಕೇಬಲ್ ಎಳೆದೆವು. ಗೋಡೆಗುಂಟ ಕ್ಲಿಪ್ ಹೊಡೆದದ್ದು ಅಪ್ಪ, ಟಾರ್ಚ್ ಹಿಡಿದದ್ದು ನಾನು. ಚಿಕ್ಕವನಿದ್ದಾಗಲೂ ನನ್ನ ಕೆಲಸ ಅದೇ ಆಗಿತ್ತು.

ಮೇಲೆ ಹೋಗಿ ನೋಡಿದೆ. 61! ಪಿಂಗ್ ಐದಾರು ಮಿಲಿಸೆಕೆಂಡಿನಲ್ಲೇ ನಿಂತಿತ್ತು. ಅಪ್ಪನಿಗೆ ಕೂಗಿ ಹೇಳಿದೆ. ‘ಅರವತ್ತೊಂದು ಅಂದ್ರೆ ಪಾಸಾ?’ ಎಂದು ಕೆಳಗಿನಿಂದ ಕೇಳಿದರು.

ನಿಮಗೂ ಹೀಗೇ ಆಗಿದ್ದರೆ ರೂಟರ್ ಬಳಿ ಮೊದಲು ಅಳೆಯಿರಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಬರೆದಿಡಿ. ಯಾವ ಪ್ಲಗ್ ಯಾವ ಫೇಸ್ ಎಂಬುದನ್ನು ವೈರಿಂಗ್ ಮಾಡಿದವರಿಂದಲೇ ತಿಳಿಯಿರಿ. ಬೋರ್ಡಿಗೆ ಮಾತ್ರ ನೀವು ಕೈ ಹಾಕಬೇಡಿ.

ಸಂದರ್ಶನದ ದಿನ ಅಮ್ಮ ಚಟ್ನಿ ರುಬ್ಬುವುದನ್ನು ಮಧ್ಯಾಹ್ನಕ್ಕೆ ಮುಂದೂಡಿದರು. ಕಾಲ್ ಒಮ್ಮೆಯೂ ಕಡಿಯಲಿಲ್ಲ. ಎರಡನೇ ಸುತ್ತಿಗೆ ಕರೆದಿದ್ದಾರೆ, ಕೆಲಸದ ಮಾತು ಆಮೇಲೆ. ಕೋಣೆಯಿಂದ ಹೊರಬಂದರೆ ಅಪ್ಪ ಅಂದಿನ ಕೆಲಸಕ್ಕೆ ತಡವಾಗಿ ಬರುವುದಾಗಿ ಹೇಳಿ, ಊಟದ ಮನೆಯ ಆ ಪ್ಲಗ್‌ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರೂ ಮರೆತು ಸ್ವಿಚ್ ಆರಿಸದಿರಲಿ ಎಂದು.