ವಿದೇಶಿ ಪ್ರವಾಸಿಗರು: ಪ್ರಚಾರಕ್ಕೆ ಮೊದಲು ವಿಚಾರಣೆ

ಯಾವುದೇ ಸರಕನ್ನು ಪೇಟೆಗೆ ತರುವ ಮುನ್ನ ಕೊಳ್ಳುವವರು ಯಾರೆಂದು ವಿಚಾರಿಸುವುದು ವ್ಯಾಪಾರದ ಮೊದಲ ಪಾಠ. ತೊಗರಿಬೇಳೆಯ ವಿಷಯದಲ್ಲಿ ಕಲಬುರಗಿಯ ವರ್ತಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪ್ರವಾಸೋದ್ಯಮದ ಮಾತು ಬಂದಾಗ ನಾವು ಮೊದಲು ಕರಪತ್ರ ಮುದ್ರಿಸಿ, ಓದುಗರನ್ನು ಆಮೇಲೆ ಹುಡುಕುತ್ತೇವೆ.

ಅಂಕಿ-ಅಂಶಗಳ ಅರ್ಥ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಲೆಕ್ಕದಂತೆ 2019ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 1.09 ಕೋಟಿ. ಅದೇ ವರ್ಷ ರಾಜ್ಯಗಳು ವರದಿ ಮಾಡಿದ ವಿದೇಶಿಯರ ಭೇಟಿಗಳ ಮೊತ್ತ ಸುಮಾರು 3.14 ಕೋಟಿ. ಮೊದಲನೆಯದು ದೇಶದ ಹೆಬ್ಬಾಗಿಲಿನಲ್ಲಿ ಎಣಿಸಿದ ಆಗಮನ. ಎರಡನೆಯದು ರಾಜ್ಯಗಳು ಎಣಿಸಿದ ಭೇಟಿ. ಮೂರು ರಾಜ್ಯ ಸುತ್ತಿದ ಒಬ್ಬರೇ ಪ್ರವಾಸಿ ಇಲ್ಲಿ ಮೂರು ಸಲ ಲೆಕ್ಕಕ್ಕೆ ಬರುತ್ತಾರೆ. ಚಿಕಿತ್ಸೆಗೆ, ವ್ಯವಹಾರಕ್ಕೆ, ಬಂಧುಗಳ ಭೇಟಿಗೆ ಬಂದವರೂ ಇದರಲ್ಲಿ ಸೇರಿದ್ದಾರೆ.

ಕುಸನೂರದಲ್ಲಿ ಹತ್ತು ಕೋಣೆಗಳ ವಸತಿಗೃಹ ಕಟ್ಟಲು ಸಾಲ ಕೇಳುವ ಉದ್ಯಮಿಯೊಬ್ಬರು ಇಂತಹ ದೊಡ್ಡ ಸಂಖ್ಯೆಯ ಮೇಲೆ ಆದಾಯ ಅಂದಾಜು ಮಾಡಿದರೆ, ಕೋಣೆಗಳು ಖಾಲಿ ಉಳಿದರೂ ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ.

ಯಾರನ್ನು ಕೇಳಬೇಕು?

ನಮ್ಮಲ್ಲಿಗೆ ಬರಬಹುದಾದವರನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವರು ಬೌದ್ಧ ಯಾತ್ರಿಕರು. ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ 'ರಾಯ ಅಸೋಕೊ' ಎಂಬ ಬರಹವುಳ್ಳ ಅಶೋಕನ ಶಿಲ್ಪ ದೊರೆತಿದೆ. ಕಲಬುರಗಿಯ ಬುದ್ಧ ವಿಹಾರ 2009ರಲ್ಲಿ ಉದ್ಘಾಟನೆಯಾಗಿದೆ. ಜಪಾನ್, ಥಾಯ್ಲೆಂಡ್, ಶ್ರೀಲಂಕಾಗಳ ಯಾತ್ರಿಕರು ಈಗಾಗಲೇ ಬೋಧಗಯೆಗೆ ಬರುತ್ತಾರೆ. ಅವರನ್ನು ಪ್ರಶ್ನಿಸಬೇಕಾದ ಸ್ಥಳ ಅದೇ.

ಎರಡನೆಯವರು ಇತಿಹಾಸಾಸಕ್ತರು. 1347ರಲ್ಲಿ ಬಹಮನಿ ರಾಜಧಾನಿಯಾದ ಈ ಊರಿನ ಕೋಟೆಯೊಳಗೆ, ತೆರೆದ ಅಂಗಳವೇ ಇಲ್ಲದೆ ಇಡಿಯಾಗಿ ಗುಮ್ಮಟಗಳಿಂದ ಮುಚ್ಚಿದ 1367ರ ಜಾಮಾ ಮಸೀದಿಯಿದೆ. ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಹಂಪಿಗೆ ಬಂದ ವಿದೇಶಿಯರು ಉತ್ತರಕ್ಕೆ ಏಕೆ ಬರಲಿಲ್ಲ? ದಾರಿ ದೂರವೇ, ಮಾರ್ಗದರ್ಶಕರಿಲ್ಲವೇ, ಹೆಸರನ್ನೇ ಕೇಳಿಲ್ಲವೇ? ಉತ್ತರಕ್ಕೆ ತಕ್ಕಂತೆ ಬಂಡವಾಳದ ದಾರಿಯೂ ಬೇರೆಯಾಗುತ್ತದೆ. ಬಂದವರ ಮೆಚ್ಚುಗೆಗಿಂತ ಬಾರದವರ ಕಾರಣ ಹೆಚ್ಚು ಬೆಲೆಯುಳ್ಳದ್ದು.

ಮೂರನೆಯವರು ಖ್ವಾಜಾ ಬಂದೇನವಾಜರ ದರ್ಗಾದ ಭಕ್ತರು ಹಾಗೂ ಊರಿಗೆ ಬರುವ ಅನಿವಾಸಿ ಕನ್ನಡಿಗರು. ಉರುಸು ಚಾಂದ್ರಮಾನದಂತೆ ನಡೆಯುವುದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆದ್ದರಿಂದ ಕಳೆದ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಸದಸ್ಯರು ಮಾಡಬಹುದಾದ್ದು

ವಿದೇಶಿ ಅತಿಥಿಗಳ ವಿವರವನ್ನು ನೋಂದಣಿ ಅಧಿಕಾರಿಗೆ ಸಲ್ಲಿಸುವುದು ವಸತಿಗೃಹಗಳಿಗೆ ಕಡ್ಡಾಯ. 'ಸಿ ಫಾರ್ಮ್' ಎಂದೇ ಇದು ರೂಢಿಯಲ್ಲಿದೆ. ಈ ಕೆಲಸ ಹೇಗೂ ನಡೆಯುವಾಗ ಅತಿಥಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ಐದು ಅಂಶಗಳನ್ನಷ್ಟೇ ಬೇರೆ ಪುಸ್ತಕದಲ್ಲಿ ಬರೆದಿಡಬಹುದು: ದೇಶ, ಉದ್ದೇಶ, ತಂಗಿದ ರಾತ್ರಿಗಳು, ಯಾವ ಊರಿನಿಂದ ಬಂದರು, ಮುಂದೆ ಎಲ್ಲಿಗೆ ಹೊರಟರು. ವಸತಿಗೃಹಗಳು ಈ ಸಂಖ್ಯೆಗಳನ್ನು ಪ್ರತಿ ತಿಂಗಳು ನಮ್ಮ ಸಂಸ್ಥೆಗೆ ಕಳುಹಿಸಿದರೆ, ಎರಡು ಉರುಸುಗಳು ಮುಗಿಯುವಷ್ಟರಲ್ಲಿ ಹೋಲಿಕೆಗೆ ಯೋಗ್ಯವಾದ ದಾಖಲೆ ಸಿದ್ಧವಾಗುತ್ತದೆ. ಅದರ ವೆಚ್ಚ ಒಂದು ಬಣ್ಣದ ಕರಪತ್ರದ ಮುದ್ರಣಕ್ಕಿಂತ ಹೆಚ್ಚಾಗಲಾರದು. ಪ್ರಚಾರಕ್ಕೆ ಅನುದಾನ ಕೇಳುವಾಗ ಸರ್ಕಾರದ ಮುಂದಿಡಲು, ಸಾಲ ಕೇಳುವಾಗ ಬ್ಯಾಂಕಿನ ಮುಂದಿಡಲು ನಮ್ಮದೇ ಆದ ಆಧಾರ ಆಗ ಕೈಯಲ್ಲಿರುತ್ತದೆ.