ಬಿಸಿಯಡಿಗೆ, ಪ್ಲಾಸ್ಟಿಕ್ಕು ಮತ್ತು ಹೃದಯ

೨೦೨೫ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳಲ್ಲಿ ಇಡ್ಲಿ ಬೇಯಿಸುವ ಕ್ರಮವನ್ನು ಪರೀಕ್ಷಿಸಲಾಗಿ, ನೋಡಿದ ೨೫೧ ಕಡೆಗಳ ಪೈಕಿ ಐವತ್ತಕ್ಕೂ ಮೇಲ್ಪಟ್ಟ ಕಡೆಗಳಲ್ಲಿ ಒದ್ದೆಬಟ್ಟೆಯ ಬದಲು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ತಟ್ಟೆಗೆ ಹಾಸಿ, ಅದರ ಮೇಲೆ ಹಿಟ್ಟು ಹೊಯ್ದು, ಹಬೆಯಲ್ಲಿ ಬೇಯಿಸುತ್ತಿದ್ದುದು ಕಂಡುಬಂದಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾಯರು ಆ ಪದ್ಧತಿಯನ್ನು ನಿಷೇಧಿಸುವುದಾಗಿ ಸಾರಿದರು. ನಾಲ್ಕು ದಿವಸ ಗುಲ್ಲೆದ್ದು ಅಡಗಿತು. ಆ ಗುಲ್ಲಿನಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿದ ಮಾತು ಕ್ಯಾನ್ಸರ್ ಒಂದೇ. ಹೃದಯದ ಮಾತನ್ನು ಎತ್ತಿದವರು ವಿರಳ. ನಾವು ಇಂದು ಹೇಳಹೊರಟಿರುವುದು ಅದನ್ನೇ.

ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು ಸ್ವಭಾವತಃ ಗಡುಸಾದುದು, ಬಾಗಿಸಿದರೆ ಸೀಳುವಂಥದು. ಅದನ್ನು ಕೊಳವೆಯಾಗಿಯೂ, ಕೈಚೀಲವಾಗಿಯೂ, ಕೈಗವಸಾಗಿಯೂ ಬಳುಕುವಂತೆ ಮಾಡಬೇಕಾದರೆ ಎಣ್ಣೆಯಂಥ ಒಂದು ದ್ರವವನ್ನು ಬೆರೆಸಬೇಕು. ಇಂಥ ದ್ರವಗಳಲ್ಲಿ ಥ್ಯಾಲೇಟುಗಳು ಮುಖ್ಯ, ಅವುಗಳಲ್ಲಿಯೂ ಡಿ.ಇ.ಎಚ್.ಪಿ. ಎಂಬುದು ಬಹುಕಾಲದಿಂದ ವಿಶೇಷವಾಗಿ ಬಳಕೆಯಲ್ಲಿರುವುದು. ಮೆದುವಾದ ಪಿ.ವಿ.ಸಿ.ಯ ತೂಕದಲ್ಲಿ ಹತ್ತರಲ್ಲಿ ಮೂರು ನಾಲ್ಕು ಪಾಲು ಈ ದ್ರವವೇ ಆಗಿರುವುದುಂಟು. ಅದು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಚಕ್ಕಳಕ್ಕೆ ಸವರಿದ ಎಣ್ಣೆಯಂತೆ ಒಳಗೆ ಇಂಗಿಕೊಂಡಿರುತ್ತದೆ, ಅಷ್ಟೆ. ಆದಕಾರಣ ಬಿಸಿಯೂ ಜಿಡ್ಡೂ ಸೋಕಿದೊಡನೆ ಹೊರಗೆ ಒಸರುತ್ತದೆ. ೧೯೭೦ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಜೇಗರ್ ಮತ್ತು ರೂಬಿನ್ ಎಂಬವರು ಪ್ಲಾಸ್ಟಿಕ್ ಚೀಲಗಳಲ್ಲಿ ಕಾದಿರಿಸಿದ್ದ ರಕ್ತದಲ್ಲಿ ಈ ದ್ರವ್ಯವನ್ನು ಕಂಡರು. ಅದೇ ದ್ರವ್ಯವು ಕೆಂಪುಕಣಗಳು ಕೆಡದಂತೆ ಕಾಯುತ್ತದೆ ಎಂಬುದೂ ನಿಜವಾದ್ದರಿಂದ ರಕ್ತಚೀಲದಿಂದ ಅದನ್ನು ತೆಗೆಯುವ ಕೆಲಸ ಸುಲಭವಾಗಲಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪಾಲಿಥಿನ್ ಹಾಳೆಗೆ ಸಾಮಾನ್ಯವಾಗಿ ಮೆದುಗೊಳಿಸುವ ದ್ರವದ ಅಗತ್ಯವಿರುವುದಿಲ್ಲ. ಆದರೆ ಹೋಟೆಲಿನ ಹಿಂಬದಿಯ ಅಡಿಗೆಮನೆಗೆ ಬರುವ ಹಾಳೆಯು ಯಾವ ಜಾತಿಯದು, ಎಷ್ಟನೆಯ ಸಾರಿ ಕರಗಿಸಿ ಎರೆದದ್ದು ಎಂಬುದನ್ನು ಕೊಳ್ಳುವವನೂ ಅರಿಯನು, ಮಾರುವವನೂ ಅರಿಯನು. ಸಂಕಟವಿರುವುದು ಈ ಅಜ್ಞಾನದಲ್ಲಿಯೇ.

ಈ ದ್ರವ್ಯದಿಂದ ಹೃದಯಕ್ಕೆ ಏನಾಗುವುದೆಂದು ವಾಚಕರು ಕೇಳಬಹುದು. ಇದು ದೇಹದ ಹಾರ್ಮೋನುಗಳ ವ್ಯವಹಾರದಲ್ಲಿ ಕೈಹಾಕುತ್ತದೆಂದೂ, ಉರಿಯೂತವನ್ನು ಹೆಚ್ಚಿಸುತ್ತದೆಂದೂ, ಸಕ್ಕರೆಯ ಮತ್ತು ಕೊಬ್ಬಿನ ವಿನಿಯೋಗವನ್ನು ಕೆಡಿಸುತ್ತದೆಂದೂ ಸಂಶೋಧಕರು ಹೇಳುತ್ತಾರೆ. ರಕ್ತನಾಳಗಳಿಗೆ ಇವೆಲ್ಲವೂ ಹಗೆಗಳೇ. ೨೦೨೫ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಪಂಡಿತರು ಒಂದು ಗಣನೆಯನ್ನು ಪ್ರಕಟಿಸಿದರು. ೨೦೧೮ರಲ್ಲಿ ೫೫ರಿಂದ ೬೪ ವರ್ಷ ವಯಸ್ಸಿನವರಲ್ಲಿ ಹೃದಯರೋಗದಿಂದಾದ ಮರಣಗಳ ಪೈಕಿ, ಲೋಕದಲ್ಲೆಲ್ಲ ಸುಮಾರು ೩,೫೬,೦೦೦ ಮರಣಗಳು ಡಿ.ಇ.ಎಚ್.ಪಿ.ಗೆ ಸಂಬಂಧಪಟ್ಟವೆಂದು ಅವರ ಲೆಕ್ಕ. ಅವುಗಳಲ್ಲಿ ೧,೦೩,೦೦೦ಕ್ಕೂ ಹೆಚ್ಚು ಭಾರತದವು. ಯಾವ ದೇಶದ ಸಂಖ್ಯೆಯೂ ಇಷ್ಟಿಲ್ಲ. ಇದು ಅಂದಾಜೇ ಹೊರತು ಮರಣದ ದಫ್ತರವಲ್ಲ. ಪೊಟ್ಟಣದ ತಿಂಡಿಯಿಂದ ಹೊಟ್ಟೆ ಹೊರೆಯುವವನು ಉಪ್ಪನ್ನೂ ಕೊಬ್ಬನ್ನೂ ಹೆಚ್ಚಾಗಿ ತಿನ್ನುತ್ತಾನೆ; ಅಪರಾಧವು ಉಪ್ಪಿನದೋ ಪೊಟ್ಟಣದ್ದೋ ಎಂದು ಬಿಡಿಸುವುದು ಕಠಿಣ. ಅಧಿಕಾರಿಗಳು ಈ ಆಕ್ಷೇಪವನ್ನು ಎತ್ತಿದರೆ ನಾವು ಒಪ್ಪುತ್ತೇವೆ. ಆದರೆ ಆ ಗಣನೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರವೇ ನಿಜವೆಂದಿಟ್ಟುಕೊಂಡರೂ ಒಂದು ವರ್ಷಕ್ಕೆ ನಮ್ಮವರು ಹತ್ತು ಸಾವಿರ ಮಂದಿ, ಅದೂ ಸಂಸಾರದ ಭಾರ ಹೊರುವ ವಯಸ್ಸಿನವರು!

ಸಮಾಧಾನದ ಸಂಗತಿಯೊಂದುಂಟು. ಸೀಸದಂತೆ ಈ ದ್ರವ್ಯವು ಎಲುಬಿನಲ್ಲಿ ವರ್ಷಗಟ್ಟಲೆ ಮನೆಮಾಡಿಕೊಳ್ಳುವುದಿಲ್ಲ. ಹೆಚ್ಚಿನ ಪಾಲು ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಬೀಳುತ್ತದೆ. ಇಂದು ಮೂತ್ರದಲ್ಲಿ ಕಾಣುವುದು ನಿನ್ನೆಯ ಊಟ. ೨೦೧೧ರಲ್ಲಿ ಸಾನ್ ಫ್ರಾನ್ಸಿಸ್ಕೊ ಪ್ರಾಂತದ ಐದು ಕುಟುಂಬಗಳ ಇಪ್ಪತ್ತು ಮಂದಿಗೆ ಮೂರು ದಿನ ಡಬ್ಬಿಯ ಮತ್ತು ಪ್ಲಾಸ್ಟಿಕ್ಕಿನ ಸೋಂಕಿಲ್ಲದ ತಾಜಾ ಆಹಾರವನ್ನು ಕೊಟ್ಟು ನೋಡಿದಾಗ ಡಿ.ಇ.ಎಚ್.ಪಿ.ಯ ಗುರುತುಗಳು ಅರ್ಧಕ್ಕಿಂತ ಹೆಚ್ಚಾಗಿ ಇಳಿದುಹೋದವು. ಮತ್ತೆ ಹಳೆಯ ಊಟಕ್ಕೆ ಮರಳಿದೊಡನೆ ಅವೂ ಮರಳಿದವು. ಕೊರಿಯಾ ದೇಶದಲ್ಲಿ ಅರುವತ್ತು ಮಂದಿ ವೃದ್ಧರಿಗೆ ಒಂದು ದಿನ ಗಾಜಿನ ಸೀಸೆಯಲ್ಲಿಯೂ ಇನ್ನೊಂದು ದಿನ ತಗಡಿನ ಡಬ್ಬಿಯಲ್ಲಿಯೂ ಸೋಯಾ ಹಾಲನ್ನು ಕುಡಿಸಲಾಗಿ, ಡಬ್ಬಿಯ ಹಾಲು ಕುಡಿದ ದಿನ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು ನಾಲ್ಕೂವರೆ ಏರಿತ್ತು. ಅಲ್ಲಿಯ ದೋಷಿ ಡಬ್ಬಿಯ ಒಳಲೇಪದ ಬಿಸ್‌ಫೆನಾಲ್-ಎ. ಥ್ಯಾಲೇಟು ಅಲ್ಲ, ಆದರೂ ಅದರ ದಾಯಾದಿಯೇ.

ಇನ್ನು ನಮ್ಮ ಪಟ್ಟಣಗಳ ನಡೆವಳಿಕೆಯನ್ನು ನೋಡೋಣ. ಕುದಿಯುವ ಸಾಂಬಾರನ್ನು ಚೀಲಕ್ಕೆ ಸುರಿದು ದಾರ ಬಿಗಿದು ಕೊಡುವುದು ನಿತ್ಯದ ನೋಟ. ಎಣ್ಣೆ ತೇಲುವ ಉಪ್ಪಿನಕಾಯಿಯು ಜಾಡಿಯನ್ನು ಬಿಟ್ಟು ಪ್ಲಾಸ್ಟಿಕ್ ಡಬ್ಬಿಗೆ ಬಂದಿದೆ. ಕಾಗದದ ಲೋಟವನ್ನು ನಂಬಿದವರಿಗೂ ಸುಖವಿಲ್ಲ. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪೊರೆಯಿದ್ದು, ಬಿಸಿ ದ್ರವವು ಹದಿನೈದು ನಿಮಿಷ ನಿಂತರೆ ಸುಮಾರು ೨೫,೦೦೦ ಸೂಕ್ಷ್ಮ ಕಣಗಳು ಅದರಲ್ಲಿ ಸೇರುವುವೆಂದು ಖರಗಪುರದ ಐ.ಐ.ಟಿ.ಯವರು ೨೦೨೦ರಲ್ಲಿ ತೋರಿಸಿದ್ದಾರೆ. ಕಾಫಿಗೆ ಲೋಟ, ಊಟಕ್ಕೆ ಮುತ್ತುಗದ ಎಲೆ, ಪಾರ್ಸೆಲಿಗೆ ಮನೆಯಿಂದ ಒಯ್ದ ಕ್ಯಾರಿಯರ್, ಕರಾವಳಿಯಲ್ಲಿ ಹಲಸಿನೆಲೆಯ ಕೊಟ್ಟೆ ಕಡುಬು ಇವು ನಾವು ಮರೆತುಬಿಡುವಷ್ಟು ಹಳೆಯವಲ್ಲ. ಹಳೆಯದೆಲ್ಲವೂ ಅಮೃತವೆಂದು ನಾವು ಹೇಳುವವರಲ್ಲ. ಸೀಸ ಬೆರೆತ ಕಲಾಯಿಯ ಪಾತ್ರೆಯೂ ವಿಷವನ್ನೇ ಉಣ್ಣಿಸುತ್ತಿತ್ತು. ಹೋಟೆಲಿನವನ ಕಷ್ಟವನ್ನೂ ಬಲ್ಲೆವು: ಬಟ್ಟೆಯನ್ನು ಒಗೆಯಬೇಕು, ಒಣಗಿಸಬೇಕು, ಅದಕ್ಕೊಬ್ಬ ಆಳು ಬೇಕು, ಹಾಳೆಯಾದರೋ ಎಳೆದು ಬಿಸುಟರಾಯಿತು. ಎರಡು ರೂಪಾಯಿ ಹೆಚ್ಚು ಕೇಳಿದರೆ ಗದರುವ ಗಿರಾಕಿಗಳು ನಾವೇ ಅಲ್ಲವೆ?

ಕಾಯಿದೆಗೆ ಕೊರತೆಯಿಲ್ಲ. ಕರ್ನಾಟಕ ಸರ್ಕಾರವು ೨೦೧೬ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಕೇಂದ್ರದ ನಿಷೇಧವೂ ಬಂದಿತು. ಆದರೆ ಈ ನಿಷೇಧಗಳೆಲ್ಲ ಕಸದ ರಾಶಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಚರಂಡಿ ಕಟ್ಟೀತೆಂಬ ಭಯವಿತ್ತು, ನಾಡಿ ಕಟ್ಟೀತೆಂಬ ಯೋಚನೆಯಿರಲಿಲ್ಲ. ಯುರೋಪಿನ ಒಕ್ಕೂಟದವರು ೨೦೨೦ರಿಂದ ಜನಬಳಕೆಯ ಸಾಮಾನುಗಳಲ್ಲಿ ನಾಲ್ಕು ಥ್ಯಾಲೇಟುಗಳಿಗೆ ನೂರಕ್ಕೆ ೦.೧ರ ಮಿತಿಯನ್ನು ಇಟ್ಟಿದ್ದಾರೆ. ಇಲ್ಲಿ ಅಧಿಕಾರಿಗಳು ಬಂದು ಹಾಳೆಗಳನ್ನು ಹೊತ್ತೊಯ್ದು ದಂಡ ಹಾಕಿದರೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ಆ ಹಾಳೆಯಿಂದ ಇಡ್ಲಿಗೆ, ಆ ಚೀಲದಿಂದ ಸಾಂಬಾರಿಗೆ ಏನೆಷ್ಟು ಇಳಿಯಿತೆಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದು, ಊರೂರಿನ ಫಲಿತಾಂಶವನ್ನು ವರ್ಷಕ್ಕೊಮ್ಮೆಯಾದರೂ ಪತ್ರಿಕೆಗಳಿಗೆ ಕೊಡತಕ್ಕದ್ದು. ಪರೀಕ್ಷೆಯನ್ನು ಬೀದಿಯ ಬಡ ಗಾಡಿಯವನಿಂದ ಆರಂಭಿಸುವುದು ಬೇಡ. ಜಿಲ್ಲಾ ಕಛೇರಿಗಳ, ನ್ಯಾಯಾಲಯಗಳ, ಆಸ್ಪತ್ರೆಗಳ ಆವರಣದಲ್ಲಿಯೇ ಕ್ಯಾಂಟೀನುಗಳಿವೆ. ಅಲ್ಲಿಯ ಸಾಂಬಾರನ್ನು ಮೊದಲು ಕಳುಹಿಸಲಿ.